ಕಲ್ಲಚ್ಚಿನ ಋಣ

ಕಳೆದ ಜುಲೈ 1ರಂದು ಪರೇಲಿನ ನಮ್ಮ ಕನ್ನಡ ಬಳಗದವರು ಪತ್ರಿಕಾ ದಿನಾಚರಣೆಯ ನಿಮಿತ್ತ ಒಂದು ಚಿಕ್ಕ ಸಭೆಯನ್ನು ಕರೆದಿದ್ದರು. ಮಳೆ ಜೋರಾಗಿದ್ದುದರಿಂದ ಬಂದವರು ಮೂವತ್ತು ಜನ ಇರಬಹುದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ವಿಷಯವನ್ನು ಭಾಷಣಕಾರರು ಸೊಗಸಾಗಿ ವಿವರಿಸಿದರು. ಕೊನೆಗೆ ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ, ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮ ಭಾಷೆಯ ಪೇಪರನ್ನು ಜರ್ಮನಿಯವರು ಯಾಕೆ ಮಾಡಿದ್ರು? ಅವರಿಗೆ ಅದರಿಂದ ಏನು ಸಿಗ್ತಿತ್ತು?” ಎಂದು ಕೇಳಿದಳು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, “ಮತಪ್ರಚಾರಕ್ಕೆ ಮಗಾ, ಇನ್ನು ಯಾಕೆ?” ಎಂದರು. ಅವರ ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು, “ಹಾಗೆನ್ನಬೇಡಿ, ಕನ್ನಡದ ಮೇಲಿನ ಪ್ರೀತಿಯಿಂದ” ಎಂದರು. ಚಹಾ ಬರುವ ತನಕ ಇಬ್ಬರಿಗೂ ವಾದವಾಯಿತು. ಹುಡುಗಿಗೆ ಮಾತ್ರ ಉತ್ತರ ಸಿಗಲಿಲ್ಲ. ಕೊಡೆ ಹಿಡಿದು ಮನೆಗೆ ಬರುವಾಗ ನಮಗೆ, ಇಬ್ಬರು ಹಿರಿಯರೂ ಅರ್ಧರ್ಧ ನಿಜವನ್ನೇ ಹೇಳಿದರು, ಪೂರ್ತಿ ನಿಜ ಇನ್ನೆಲ್ಲೋ ಉಳಿಯಿತು ಎನಿಸಿತು. ಆ ಹುಡುಗಿಗಾಗಿ ಈ ಲೇಖನ.

ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ, ನಾವು ಇತಿಹಾಸ ಓದಿದವರಲ್ಲ. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿರುವವರು. ಆದರೆ ಕಡತದಲ್ಲಿ ಆಧಾರವಿಲ್ಲದೆ ಟಿಪ್ಪಣಿ ಬರೆಯಬಾರದೆಂಬ ಅಭ್ಯಾಸವೊಂದು ನಮಗೆ ನೌಕರಿಯಿಂದ ಬಂದಿದೆ. ಅದೇ ಅಭ್ಯಾಸದಿಂದ ಇದನ್ನೂ ಬರೆಯುತ್ತಿದ್ದೇವೆ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪನೆಯಾದ ಸಂಸ್ಥೆ ಬಾಸೆಲ್ ಮಿಶನ್. ಅದಕ್ಕೆ ಸೇರಿದ ತರುಣರಲ್ಲಿ ಬಹಳಷ್ಟು ಜನ ಪಕ್ಕದ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. 1833ರ ಕಾಯಿದೆಯ ಪ್ರಕಾರ ಇಂಗ್ಲಿಷರಲ್ಲದ ಮಿಶನರಿಗಳೂ ಕಂಪೆನಿ ಸರಕಾರದ ಸೀಮೆಯಲ್ಲಿ ಕೆಲಸ ಮಾಡಬಹುದೆಂದು ಆದ ಮೇಲೆ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ, 1836ರಲ್ಲಿ, ಮೋಗ್ಲಿಂಗರು ಬಂದರು. ಅವರು ಹುಟ್ಟಿದ್ದು 1811ರಲ್ಲಿ, ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್ನಿನಲ್ಲಿ ಧರ್ಮಶಾಸ್ತ್ರ ಓದಿದವರು. ಊರಿನಲ್ಲೇ ಇದ್ದಿದ್ದರೆ ಒಂದು ಚರ್ಚು, ಒಂದು ಮನೆ, ನಿಶ್ಚಿತವಾದ ಸಂಬಳ ಎಲ್ಲವೂ ಆಗುತ್ತಿತ್ತು. ಅದನ್ನು ಬಿಟ್ಟು ಬಂದವರು ಮಂಗಳೂರಿನಲ್ಲಿ ಮಾಸ್ತರಿಕೆ ಹಿಡಿದರು. ಹುಡುಗರನ್ನು ಕೂಡಿಸಿ, ಅವರ ಊಟ ವಸತಿ ನೋಡಿಕೊಂಡು ಪಾಠ ಹೇಳಿದರು. ಪಾಠ ಹೇಳಬೇಕಾದರೆ ಮೊದಲು ತಾವು ಕಲಿಯಬೇಕು. ಇಪ್ಪತ್ತೈದು ದಾಟಿದ ಮೇಲೆ ಈ ಮನುಷ್ಯ ಅ ಆ ಇ ಈ ತಿದ್ದಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅವರು ಬಂದ ಉದ್ದೇಶ ಮತಪ್ರಚಾರವೇ. ಅದನ್ನು ಅವರೂ ಮುಚ್ಚಿಟ್ಟವರಲ್ಲ. ನಮ್ಮ ದೇವರು, ನಮ್ಮ ಪೂಜೆ ಸರಿಯಲ್ಲವೆಂದು ನಂಬಿ, ಬರೆದು, ಬಜಾರಿನಲ್ಲಿ ನಿಂತು ವಾದಿಸಿದವರು ಆ ಮಿಶನಿನವರು. ಇದು ಹಿರಿಯರು ಹೇಳಿದ ಅರ್ಧ ನಿಜ. ಆದರೆ ಮತಪ್ರಚಾರ ಒಂದೇ ಉದ್ದೇಶವಾಗಿದ್ದರೆ ಕರಪತ್ರಗಳು ಸಾಕಾಗುತ್ತಿದ್ದವು. ಮುಂದೆ ನಡೆದದ್ದು ಕರಪತ್ರಕ್ಕೆ ನಿಲ್ಲಲಿಲ್ಲ. ಆ ಕಥೆಯಲ್ಲಿ ನಮ್ಮ ಮುಂಬಯಿಯೂ ಬರುತ್ತದೆ.

ಪುಸ್ತಕ ಅಚ್ಚು ಹಾಕಲು ಮಂಗಳೂರಿನಲ್ಲಿ ಸಾಧನವಿರಲಿಲ್ಲ. 1841ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಎಂಬ ಮಿಶನರಿಯನ್ನು ಅಚ್ಚಿನ ವ್ಯವಸ್ಥೆಗಾಗಿ ಮುಂಬಯಿಗೆ ಕಳುಹಿಸಿದರು. ವೈಗ್ಲೆ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನೂ, ಅದನ್ನು ನಡೆಸಬಲ್ಲ ಇಬ್ಬರು ಮರಾಠಿ ಸಹಾಯಕರನ್ನೂ ಕರೆದುಕೊಂಡು ಮಂಗಳೂರಿಗೆ ಮರಳಿದರು. ಮುಂದೆ ತುಳುವಿಗೆ ಅನುವಾದವಾದ ಮತ್ತಾಯನ ಸುವಾರ್ತೆಯೂ, ‘ಮಂಗಳೂರ ಸಮಾಚಾರ’ವೂ ಅಚ್ಚಾದದ್ದು ಕಲ್ಲಚ್ಚಿನಲ್ಲಿಯೇ.

ವಿಜ್ಞಾನ ಓದಿದವರೆಂಬ ನೆಪದಿಂದ ಕಲ್ಲಚ್ಚಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಜರ್ಮನಿಯ ಸೆನೆಫೆಲ್ಡರ್ ಎಂಬವನು 1796ರ ಸುಮಾರಿಗೆ ಕಂಡುಹಿಡಿದ ಉಪಾಯವಿದು. ಎಣ್ಣೆಗೂ ನೀರಿಗೂ ಆಗದೆಂಬುದೇ ಇದರ ಮೂಲತತ್ತ್ವ. ನುಣ್ಣಗೆ ಉಜ್ಜಿದ ಸುಣ್ಣದ ಜಾತಿಯ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಬೇಕು. ಆಮೇಲೆ ಕಲ್ಲಿಗೆ ನೀರು ಸವರಿದರೆ ಬರೆಯದ ಜಾಗ ನೀರು ಹಿಡಿಯುತ್ತದೆ, ಜಿಡ್ಡಿನ ಅಕ್ಷರ ಹಿಡಿಯುವುದಿಲ್ಲ. ಅದರ ಮೇಲೆ ಮಸಿಯ ಉರುಳೆ ಆಡಿಸಿದರೆ ಅಕ್ಷರಕ್ಕೆ ಮಾತ್ರ ಮಸಿ ಹತ್ತುತ್ತದೆ. ಕಾಗದವಿಟ್ಟು ಒತ್ತಿದರೆ ಪುಟ ಸಿದ್ಧ. ಕನ್ನಡದಂಥ ಲಿಪಿಗೆ ಇದು ಬಹಳ ಅನುಕೂಲ. ಒತ್ತಕ್ಷರ, ದೀರ್ಘ, ಕೊಂಬು ಎಲ್ಲಕ್ಕೂ ಬೇರೆ ಬೇರೆ ಅಚ್ಚುಮೊಳೆ ಎರಕ ಹೊಯ್ಯುವ ಕಷ್ಟವಿಲ್ಲ, ಕೈ ಬರೆದದ್ದೇ ಅಚ್ಚು. ಆದರೆ ಕಲ್ಲನ್ನು ಹದ ಮಾಡುವುದಕ್ಕೂ, ಮಸಿ ನೀರುಗಳ ಪ್ರಮಾಣ ತಿಳಿಯುವುದಕ್ಕೂ ಪಳಗಿದ ಕೈ ಬೇಕು. ಮುಂಬಯಿಯಿಂದ ಹೋದ ಇಬ್ಬರು ಮರಾಠಿಗರ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ. ಜರ್ಮನ್ ಪಾದ್ರಿಯ ಯೋಜನೆ, ಮುಂಬಯಿಯ ಯಂತ್ರ, ಮರಾಠಿ ಕೈಗಳು, ಕನ್ನಡ ಅಕ್ಷರ. ಇವಿಷ್ಟೂ ಕೂಡಿದ್ದರಿಂದ ಮಂಗಳೂರಿನಲ್ಲಿ ಮಿಶನಿನ ಅಚ್ಚಿನ ಕೆಲಸ ಆರಂಭವಾಯಿತು.

‘ಮಂಗಳೂರ ಸಮಾಚಾರ’ ಪಾಕ್ಷಿಕ. ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅದರಲ್ಲಿ ಊರ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದವು, ಹೊರ ರಾಜ್ಯಗಳ ಸುದ್ದಿಯಿತ್ತು, ಕಥೆಯಿತ್ತು, ಜತೆಗೆ ಪುರಂದರದಾಸರ ಪದಗಳೂ ಇದ್ದವು. ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ವಿಠಲನ ಭಕ್ತನ ಹಾಡನ್ನು ಕ್ರೈಸ್ತ ಪಾದ್ರಿ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ! 1844ರ ಮಾರ್ಚಿನಿಂದ ಪತ್ರಿಕೆ ಬಳ್ಳಾರಿಯಲ್ಲಿ ಮುದ್ರಿತವಾಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆಯಿತು.

ಅದೇ ವರ್ಷದ ಆರಂಭದಲ್ಲಿ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವಾಯಿತು. ಮಿಶನಿನ ಶಾಲೆಯಲ್ಲಿ ಕಲಿಯುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ, ಇನ್ನಿಬ್ಬರೊಡನೆ, 1844ರ ಜನವರಿಯಲ್ಲಿ ಕ್ರೈಸ್ತ ದೀಕ್ಷೆ ಪಡೆದ. ಹೆತ್ತವರ ದುಃಖ, ಊರವರ ಸಿಟ್ಟು ಎರಡನ್ನೂ ನಾವು ಊಹಿಸಿಕೊಳ್ಳಬಹುದು. ಇಂದಿಗೂ ನಮ್ಮ ಮನೆಗಳಲ್ಲಿ ಅಂಥದೊಂದು ಸುದ್ದಿ ಬಂದರೆ ಅಂದು ಒಲೆ ಹೊತ್ತುವುದಿಲ್ಲ. ಆ ತರುಣ ತನ್ನ ಗುರುವಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. 1846ರಲ್ಲಿ ಬಾಸೆಲಿನ ಸೆಮಿನರಿಗೆ ಸೇರಿದ. ಕುಲದವರಿಂದ ದೂರವಾದ ಮಂಗಳೂರಿನ ಹುಡುಗನನ್ನು, ಭಾಷೆ ಬಾರದ, ಮೈಬಣ್ಣ ಬೇರೆಯಾದ ಆ ಊರಿನ ಕ್ರೈಸ್ತ ಸಮುದಾಯ ತನ್ನವನೆಂದು ಕೂಡಿಸಿಕೊಂಡಿತು. ಐದು ವರ್ಷ ಪರದೇಶದಲ್ಲಿ ಕಲಿತು 1851ರಲ್ಲಿ ಪಾದ್ರಿಯಾಗಿ ತಾಯ್ನಾಡಿಗೆ ಮರಳಿ, ಮಂಗಳೂರಿನ ಸೆಮಿನರಿಯಲ್ಲಿ ತಾನೇ ಗುರುವಾದ. ಮುಂದೆ ಗುರುಶಿಷ್ಯರಿಬ್ಬರೂ ಕೊಡಗಿನಲ್ಲಿ ದುಡಿದರು. ಅಲ್ಲಿ ಜೀತದಂಥ ಕೂಲಿಯಲ್ಲಿದ್ದ ಹೊಲೆಯರಿಗಾಗಿ ಆನಂದಪುರವೆಂಬ ನೆಲೆ ಆದದ್ದು ಇವರಿಬ್ಬರ ಪ್ರಯತ್ನದಿಂದ.

ಹೀಗೆ ಒಬ್ಬ ಜರ್ಮನಿಯಿಂದ ಇಲ್ಲಿಗೆ ಬಂದು ಕಲಿಸಿದ, ಒಬ್ಬ ಇಲ್ಲಿಂದ ಅಲ್ಲಿಗೆ ಹೋಗಿ ಕಲಿತು ಬಂದು ಕಲಿಸಿದ. ಇಬ್ಬರೂ ಪರಸ್ಥಳದಲ್ಲಿ ಪರರ ಆಶ್ರಯದಲ್ಲಿ ಬದುಕಿದವರು. ಅದರ ಬೆಲೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಹೊಸದಾಗಿ ಕ್ರೈಸ್ತರಾದವರಿಗೆ ಕುಲದಿಂದ ಬಹಿಷ್ಕಾರವಾಗುತ್ತಿತ್ತು. ಅದರ ಜತೆ ಕಸುಬು, ಗೇಣಿಯ ಭೂಮಿ, ಮನೆ ಎಲ್ಲವೂ ಕೈಬಿಡುತ್ತಿದ್ದವು. ಅವರಿಗೆ ಅನ್ನದ ದಾರಿ ತೋರಿಸಲಿಕ್ಕಾಗಿ ಮಿಶನ್ ಮೊದಲು ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರ ಕೈಯಿಂದ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ‘ಮಂಗಳೂರು ಹೆಂಚು’ ಹುಟ್ಟಿದ್ದು ಹೀಗೆ. ಮುಂಬಯಿಯ ಹಳೆಯ ಚಾಳು, ಗೋದಾಮುಗಳ ಮಾಡುಗಳ ಮೇಲೆ ಆ ಜಾತಿಯ ಹೆಂಚನ್ನು ನಮ್ಮಲ್ಲಿ ನೋಡದವರು ಯಾರು? ಮುಂಬಯಿಯಿಂದ ಹೋದ ಅಚ್ಚಿನ ಕಲ್ಲಿಗೆ ಮಂಗಳೂರು ಹೆಂಚಿನ ರೂಪದಲ್ಲಿ ಮರುಉಡುಗೊರೆ ಕೊಟ್ಟಿತೆಂದು ನಾವು ತಮಾಷೆಗೆ ಹೇಳುವುದುಂಟು.

ಇನ್ನು ಮಾಸ್ತರರು ಹೇಳಿದ ಇನ್ನೊಂದು ಅರ್ಧ ನಿಜದ ಕಡೆಗೆ ಬರೋಣ. ಮೋಗ್ಲಿಂಗರು 1848ರಿಂದ ಕೆಲವು ವರ್ಷ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದರು. ಮದ್ರಾಸು ಸರಕಾರದ ನಿವೃತ್ತ ನ್ಯಾಯಾಧೀಶರಾದ ಕಾಸಾಮೇಜರ್ ಎಂಬವರು ಇದಕ್ಕೆ ಹಣ ಒದಗಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವು ಓಲೆಗರಿಯಿಂದ ಕಾಗದಕ್ಕೆ ಬಂದವು. ಇವುಗಳಲ್ಲಿ ಒಂದಾದರೂ ಕ್ರೈಸ್ತ ಗ್ರಂಥವಲ್ಲ. ಜನರ ಮನಸ್ಸನ್ನು ತಿಳಿದರೆ ಬೋಧನೆಗೆ ಅನುಕೂಲವೆಂಬ ಲೆಕ್ಕ ಅವರಿಗೆ ಇದ್ದಿರಬಹುದು. ಆದರೆ ಗರಿಗಳ ಹಲವು ಪ್ರತಿಗಳನ್ನು ಕೂಡಿಹಾಕಿ ಪಾಠ ನೋಡುವ ಶ್ರಮವನ್ನು ಲೆಕ್ಕಾಚಾರವೊಂದೇ ಮಾಡಿಸಲಾರದು. ಉಂಡ ಮನೆಯ ಮೇಲಿನ ಅಕ್ಕರೆಯೂ ಬೇಕು. ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ, ಅವರ ವಿಧವೆ ಪೌಲೀನೆಯವರನ್ನು ಮೋಗ್ಲಿಂಗರು ಮದುವೆಯಾಗಿದ್ದರು. 1860ರಲ್ಲಿ ಜರ್ಮನಿಗೆ ಮರಳಿದ ಮೋಗ್ಲಿಂಗರಿಗೆ ಮತ್ತೆ ಈ ನಾಡನ್ನು ನೋಡುವ ಯೋಗ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ಕಾಲವಾದರು. ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್ ಅವರ ಆಪ್ತಮಿತ್ರರು. ಮಿತ್ರನ ಜೀವನಚರಿತ್ರೆಯನ್ನು ಮರುವರ್ಷವೇ ಬರೆದು ಪ್ರಕಟಿಸಿದವರು ಅವರೇ.

ಅವರ ಹಿಂದೆ 1853ರಲ್ಲಿ ಬಂದವರು ಫರ್ಡಿನಂಡ್ ಕಿಟ್ಟೆಲ್. ಇವರ ಹೆಸರು ಕೇಳದ ಕನ್ನಡಿಗರಿಲ್ಲ. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಬೇಕೆಂದು 1862ರಲ್ಲಿ ‘ಕಥಾಮಾಲೆ’ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕಿ ಪುಟಗಳು. ಈ ನೆಲದ ಪಂಡಿತರ, ಮಿಶನಿನ ಕನ್ನಡ ಉಪದೇಶಿಗಳ ನೆರವು ಅದರಲ್ಲಿ ಬೆರೆತಿದೆ. ಕನ್ನಡ ವ್ಯಾಕರಣವನ್ನು ಮುಗಿಸಿದ ವರ್ಷವೇ, 1903ರ ಡಿಸೆಂಬರಿನಲ್ಲಿ, ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಪರದೇಶಿಗಳೊಬ್ಬರು ನಮ್ಮ ಅಜ್ಜಿ ಆಡುವ ಶಬ್ದಕ್ಕೂ, ಪಂಪ ಬಳಸಿದ ಶಬ್ದಕ್ಕೂ ಒಂದೇ ಪುಸ್ತಕದಲ್ಲಿ ಮಣೆ ಹಾಕಿ ಕೂಡಿಸಿದರು.

1914ರ ಮಹಾಯುದ್ಧ ಬಂದಾಗ ಜರ್ಮನಿಯವರೆಲ್ಲ ಶತ್ರುಗಳೆನಿಸಿದರು. ಮಿಶನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು, ಆಮೇಲೆ ದೇಶ ಬಿಡಿಸಿತು. ಕಾರ್ಖಾನೆಗಳು ಅನ್ಯರ ಕೈಗೆ ಹೋದವು. ಆದರೆ ಆ ಸಭೆಗಳು ಚದುರಲಿಲ್ಲ. ಕಲಿಸಿದವರು ಹೋದ ಮೇಲೆ ಕಲಿತವರೇ ಶಾಲೆ, ಚರ್ಚುಗಳನ್ನು ನಡೆಸಿಕೊಂಡು ಬಂದರು. ಗುರುವಿಗೆ ಕೃತಜ್ಞತೆ ಸಲ್ಲಿಸುವುದಕ್ಕೆ ಇದಕ್ಕಿಂತ ಬೇರೆ ವಿಧಾನ ನಮಗೆ ಹೊಳೆಯುವುದಿಲ್ಲ.

ಇಷ್ಟು ಓದಿಕೊಂಡ ಮೇಲೆ ನಮ್ಮ ಪರೇಲನ್ನೇ ಬೇರೆ ಕಣ್ಣಿನಿಂದ ನೋಡುವಂತಾಯಿತು. ಇಲ್ಲಿಯ ಹಾಫ್ಕಿನ್ ಸಂಸ್ಥೆಯ ಮುಂದೆ ನಾವು ಎಷ್ಟು ಸಲ ಹಾದುಹೋಗಿಲ್ಲ! ಆ ಹಳೆಯ ಕಟ್ಟಡ ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತ ಪಾದ್ರಿಗಳ ಮಠವಾಗಿತ್ತು, ಆಮೇಲೆ ಮುಂಬಯಿ ಗವರ್ನರರ ನಿವಾಸವಾಯಿತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ, ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಇಲ್ಲಿಗೆ ಬಂದು ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. 1899ರಲ್ಲಿ ಅವರ ಪ್ರಯೋಗಶಾಲೆ ಪರೇಲಿನ ಈ ಕಟ್ಟಡಕ್ಕೆ ಬಂತು. ಪರೇಲಿನವರೂ ಪರದೇಶಿಯೊಬ್ಬರ ಋಣದಲ್ಲಿರುವವರೇ ಎಂದಾಯಿತು.

ಹಾಗಾದರೆ ಪರೇಲಿಗೆ ಪರಸ್ಥಳದಿಂದ ಬಂದ ನಾವು? ಕನ್ನಡಿಗರು ಈ ಗಿರಣಗಾವಿಗೆ ಹೊಟ್ಟೆಪಾಡಿಗೆ ಬಂದರು. ಗಿರಣಿಗಳಲ್ಲಿ, ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿದರು, ರಾತ್ರಿಶಾಲೆಗಳಲ್ಲಿ ಓದಿದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತು, ಅವುಗಳ ಜಾಗದಲ್ಲಿ ಈಗ ಗಾಜಿನ ಗೋಪುರಗಳು ಎದ್ದಿವೆ. ನಾವು ಇಪ್ಪತ್ತು ವರ್ಷಗಳ ಹಿಂದೆ ನೌಕರಿಗೆಂದು ಬಂದಾಗ ಒಂದು ಚಾಳಿನಲ್ಲಿ ಖೋಲಿ ಹಿಡಿದೆವು. ಮರಾಠಿ ಒಂದಕ್ಷರ ಬಾರದು. ಪಕ್ಕದ ಖೋಲಿಯಲ್ಲಿ ಗಿರಣಿ ಕೆಲಸಗಾರರೊಬ್ಬರ ವಿಧವೆ ಇದ್ದರು. ಚಾಳಿನವರೆಲ್ಲ ಅವರನ್ನು ಕಾಕೂ ಎನ್ನುತ್ತಿದ್ದರು. ನಾವು ತಪ್ಪು ಮರಾಠಿ ಆಡಿದಾಗಲೆಲ್ಲ ಕಾಕೂ, “ಅಸಂ ನಾಹೀ, ಅಸಂ ಮ್ಹಣಾಯ್ಚಂ” ಎಂದು ತಿದ್ದುತ್ತಿದ್ದರು. ಹಾಗಲ್ಲ, ಹೀಗೆ ಹೇಳಬೇಕು ಎಂದರ್ಥ. ರೇಷನ್ ಆಫೀಸಿಗೆ ಅರ್ಜಿ ಬರೆಯುವಾಗ ಏನು ಬರೆಯಬೇಕೆಂದು ಹೇಳಿಕೊಟ್ಟವರು ಅವರು. ನಮಗೆ ಕಾಮಾಲೆಯಾಗಿ ಮಲಗಿದ್ದಾಗ ಹದಿನೈದು ದಿನ ಮೆತ್ತಗಿನ ಅನ್ನ ಮಾಡಿ ತಂದುಕೊಟ್ಟವರೂ ಅವರೇ. ನಾವು ಆ ಚಾಳು ಬಿಟ್ಟ ಮೇಲೆ ಒಂದೆರಡು ಸಲ ದೀಪಾವಳಿಗೆ ಹೋಗಿ ಬಂದೆವು. ಆಮೇಲೆ ಹೋಗುವುದು ತಪ್ಪಿತು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ನಾಲ್ಕು ತಿಂಗಳ ಮೇಲೆ. ಅವರ ಉಪಕಾರವನ್ನು ನಾವು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವರಲ್ಲ. ಈ ಪುಟದಲ್ಲಿ ಹೇಳುತ್ತಿರುವುದೇ ಮೊದಲು.

ಮೋಗ್ಲಿಂಗರು ಕನ್ನಡ ನಾಡಿನಲ್ಲಿ ಕಳೆದದ್ದು ಇಪ್ಪತ್ತನಾಲ್ಕು ವರ್ಷ. ನಾವು ಪರೇಲಿನಲ್ಲಿ ಇಪ್ಪತ್ತು ಕಳೆದಿದ್ದೇವೆ. ಅವರು ಆಶ್ರಯ ಕೊಟ್ಟ ನಾಡಿನ ಭಾಷೆಗೆ ಪತ್ರಿಕೆ ಕೊಟ್ಟರು, ಗಾದೆಗಳನ್ನೂ ಕಾವ್ಯಗಳನ್ನೂ ಉಳಿಸಿಕೊಟ್ಟರು. ನಾವು ಮರಾಠಿಯಲ್ಲಿ ಇಂದಿಗೂ ತರಕಾರಿಯ ಚೌಕಾಶಿಯನ್ನಷ್ಟೇ ಮಾಡುತ್ತೇವೆ. ಜ್ಞಾನೇಶ್ವರರ, ತುಕಾರಾಮರ ಹೆಸರು ಬಲ್ಲೆವು, ಓದಿಲ್ಲ. ಇತ್ತ ಮನೆಯಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಎರಡೂ ಕಡೆ ಸಾಲ ಉಳಿಸಿಕೊಂಡು ಕುಳಿತಿದ್ದೇವೆ. ಎಲ್ಲರೂ ಕಿಟ್ಟೆಲ್ ಆಗಲಾರರು, ನಿಜ. ಆದರೆ ಮುಂಬಯಿಯಿಂದ ಮಂಗಳೂರಿಗೆ ಹೋದ ಆ ಇಬ್ಬರು ಮರಾಠಿಗರು ಪಂಡಿತರಾಗಿ ಹೋದವರಲ್ಲ, ನಮ್ಮಂತೆಯೇ ದುಡಿಯಲು ಪರಸ್ಥಳಕ್ಕೆ ಹೋದವರು. ತಮಗೆ ಬಂದ ಕೆಲಸವನ್ನು ಇನ್ನೊಬ್ಬರ ಭಾಷೆಗಾಗಿ ಮಾಡಿಕೊಟ್ಟರು. ಅಷ್ಟು ನಮ್ಮಿಂದಲೂ ಆದೀತು.

ಆದ್ದರಿಂದ ನಮ್ಮ ಬಳಗದವರಲ್ಲಿ ಒಂದು ಸೂಚನೆ. ಮುಂದಿನ ಜುಲೈ 1ರಂದು ಮೋಗ್ಲಿಂಗರ ಪಟಕ್ಕೆ ಹಾರ ಹಾಕುವಾಗ, ಆ ಇಬ್ಬರು ಮರಾಠಿ ಅಚ್ಚಿನವರನ್ನೂ ಸಭೆಯಲ್ಲಿ ನೆನೆಯೋಣ. ನೆರೆಹೊರೆಯ ಮರಾಠಿ ಬಂಧುಗಳನ್ನು ಆ ಸಭೆಗೆ ಕರೆಯೋಣ. ಅವರಿಂದ ಒಂದು ಅಭಂಗ, ನಮ್ಮ ಮಕ್ಕಳಿಂದ ಒಂದು ದಾಸರ ಪದ ಆಗಲಿ. ಆ ಪದವನ್ನು ಮಕ್ಕಳು ಕನ್ನಡ ಅಕ್ಷರದಲ್ಲೇ ಓದಿ ಕಲಿಯಲಿ. ವಾರಕ್ಕೊಂದು ತಾಸು ಅಕ್ಷರ ಕಲಿಸುವ ಜವಾಬ್ದಾರಿಯನ್ನು ನಾವು ವಹಿಸಿಕೊಳ್ಳಲು ಸಿದ್ಧರಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲೇ ಆದರೂ ಸರಿ.

ಇನ್ನು ಆ ಹುಡುಗಿಯ ಪ್ರಶ್ನೆಗೆ ನಮಗೆ ತೋಚಿದ ಉತ್ತರ. ಮಗೂ, ಅವರು ತಮ್ಮ ದೇವರ ಮಾತು ಹೇಳಲು ಬಂದರು. ಹೇಳಬೇಕಾದರೆ ನಮ್ಮ ಮಾತು ಕಲಿಯಬೇಕಾಯಿತು. ಕಲಿಯುತ್ತ ಕಲಿಯುತ್ತ ಅದರ ಋಣಕ್ಕೆ ಬಿದ್ದರು. ಪತ್ರಿಕೆ, ಕಾವ್ಯ, ನಿಘಂಟು ಎಲ್ಲ ಆ ಋಣದ ಕಂತುಗಳು. ಅದರಿಂದ ಅವರಿಗೇನು ಸಿಕ್ಕಿತೆಂದು ಕೇಳಿದೆಯಲ್ಲ, ಸಿಕ್ಕಿದ್ದರ ಬಾಬ್ತು ತೀರಿಸಿದ್ದು ಅದು. ನೀನು ನಿನ್ನ ಶಾಲೆಯ ಮರಾಠಿ ಗೆಳತಿಗೆ ಒಂದು ಕನ್ನಡ ಕಥೆಯನ್ನು ಮರಾಠಿಯಲ್ಲಿ ಹೇಳಿದರೆ, ನಮ್ಮೆಲ್ಲರ ಪರವಾಗಿ ಒಂದು ಕಂತು ಕಟ್ಟಿದಂತಾಗುತ್ತದೆ.

ಬರೆದುದರಲ್ಲಿ ತಪ್ಪಿದ್ದರೆ ಬಲ್ಲ ವಾಚಕರು ತಿದ್ದಬೇಕಾಗಿ ವಿನಂತಿ.